ರಕ್ತದಾನವೂ ದಾನಿಯ ಉದ್ದೇಶವೂ

ಒಬ್ಬನು ಕರುಣೆಯಿಂದ ಆಸ್ಪತ್ರೆಗೆ ಹಣ ಕೊಡುತ್ತಾನೆ. ಇನ್ನೊಬ್ಬನು ಅಮೃತಶಿಲೆಯ ಫಲಕದಲ್ಲಿ ತನ್ನ ಹೆಸರು ಕಾಣಲೆಂದು ಅಷ್ಟೇ ಹಣ ಕೊಡುತ್ತಾನೆ. ಉಷ್ಣವು ಸೌದೆಯಿಂದ ಬಂದರೂ ವಿದ್ಯುತ್ತಿನಿಂದ ಬಂದರೂ ನೀರು ಒಂದೇ ರೀತಿ ಕುದಿಯುವಂತೆ, ಇಬ್ಬರ ಹಣದಿಂದ ಕೊಂಡ ಔಷಧವೂ ರೋಗಿಯಲ್ಲಿ ಒಂದೇ ಪರಿಣಾಮವನ್ನುಂಟುಮಾಡುವುದು. ಹೀಗಿರುವಲ್ಲಿ, ದಾನದ ಯೋಗ್ಯತೆಯನ್ನು ಅಳೆಯುವಾಗ ದಾನಿಯ ಉದ್ದೇಶವನ್ನು ಗಣಿಸಬೇಕೆ?

ಪ್ರಶ್ನೆ ಹಳೆಯದು. ಭಗವದ್ಗೀತೆಯ 17ನೆಯ ಅಧ್ಯಾಯವು ದಾನವನ್ನು ಸಾತ್ತ್ವಿಕ, ರಾಜಸ, ತಾಮಸವೆಂದು ವಿಂಗಡಿಸಿ, ಪ್ರತಿಫಲವನ್ನು ಬಯಸಿ ಕೊಟ್ಟುದಕ್ಕೆ ರಾಜಸದ ಸ್ಥಾನವನ್ನು ಮಾತ್ರ ಕೊಡುತ್ತದೆ. ಕರ್ತವ್ಯಬುದ್ಧಿಯಿಂದ ಮಾಡಿದ ಕಾರ್ಯಕ್ಕೆ ಮಾತ್ರವೇ ನೈತಿಕ ಮೌಲ್ಯವುಂಟೆಂಬುದು ಜರ್ಮನಿಯ ತತ್ತ್ವಜ್ಞ ಕಾಂಟನ ನಿಲುವು. ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ಲನ ಮತ ಬೇರೆ. ಮುಳುಗುತ್ತಿರುವವನನ್ನು ಬಹುಮಾನದಾಸೆಯಿಂದ ಎತ್ತಿದರೂ ಆ ಕೃತ್ಯ ಸರಿಯಾದುದೇ. ಉದ್ದೇಶದಿಂದ ನಾವು ಅರಿಯುವುದು ಕೃತ್ಯವನ್ನೆಸಗಿದವನ ಯೋಗ್ಯತೆಯನ್ನು.

ಈ ವಾದವನ್ನು ಒರೆಗೆ ಹಚ್ಚಲು ರಕ್ತದಾನವು ತಕ್ಕ ನಿದರ್ಶನ. ಬ್ರಿಟನ್ನಿನ ಸಮಾಜವಿಜ್ಞಾನಿ ರಿಚರ್ಡ್ ಟಿಟ್ಮಸ್ ಅವರು 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಕ್ತವು ಉಚಿತವಾಗಿ ಬರುತ್ತಿದ್ದ ತಮ್ಮ ದೇಶವನ್ನೂ, ಅದರ ಒಂದಂಶವು ಮಾರಾಟವಾಗುತ್ತಿದ್ದ ಅಮೆರಿಕವನ್ನೂ ಹೋಲಿಸಿದರು. ಹಣ ಕೊಡತೊಡಗಿದರೆ ಸ್ವಇಚ್ಛೆಯ ದಾನ ಕುಗ್ಗುವುದು, ದೊರೆಯುವ ರಕ್ತದ ಗುಣವೂ ಕೆಡುವುದು ಎಂದು ಅವರು ವಾದಿಸಿದರು.

ಮೊದಲನೆಯ ಮಾತನ್ನು ಸ್ವೀಡನ್ನಿನ ಮೆಲ್‌ಸ್ಟ್ರೋಮ್ ಮತ್ತು ಯೋಹಾನೆಸ್ಸನ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ, ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ರಕ್ತದಾನಿಯಾಗಲು ಅಗತ್ಯವಾದ ಆರೋಗ್ಯ ಪರೀಕ್ಷೆಗೆ ಬರುವಿರಾ ಎಂದು ಒಂದು ಗುಂಪನ್ನು ಸುಮ್ಮನೆ ಕೇಳಿದರು. ಎರಡನೆಯ ಗುಂಪಿಗೆ 50 ಕ್ರೋನರ್ ಕೊಡುವುದಾಗಿ ಹೇಳಿದರು. ಮೂರನೆಯದಕ್ಕೆ ಆ ಹಣವನ್ನು ಇಟ್ಟುಕೊಳ್ಳುವ ಇಲ್ಲವೆ ಧರ್ಮಕಾರ್ಯಕ್ಕೆ ಬಿಟ್ಟುಕೊಡುವ ಆಯ್ಕೆಯಿತ್ತು. ಸ್ತ್ರೀಯರಲ್ಲಿ ಒಪ್ಪಿದವರು ಕ್ರಮವಾಗಿ ನೂರಕ್ಕೆ ಸುಮಾರು 52, 30 ಮತ್ತು 53! ಪುರುಷರಲ್ಲಾದರೋ ಗಮನಾರ್ಹವಾದ ವ್ಯತ್ಯಾಸವಿರಲಿಲ್ಲ. ಸಣ್ಣ ಉಡುಗೊರೆಗಳಿಂದ ದಾನಿಗಳು ಹೆಚ್ಚಿದುದನ್ನು ತೋರಿಸುವ ಅಧ್ಯಯನಗಳೂ ಇರುವುದರಿಂದ, ಇದನ್ನು ಸಾರ್ವತ್ರಿಕ ನಿಯಮವೆನ್ನಲಾಗದು.

ಎರಡನೆಯ ಮಾತು ಇನ್ನೂ ಗಂಭೀರವಾದುದು. ನಮ್ಮ ದೇಶದಲ್ಲಿ ದಾನವಾಗಿ ಬಂದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಗಳಿಗಾಗಿ ಪರೀಕ್ಷಿಸುತ್ತಾರೆ. ಆದರೆ ವೈರಸ್ಸು ದೇಹವನ್ನು ಹೊಕ್ಕ ಮೇಲೆ ಕೆಲವು ಕಾಲ ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ. ಆ ಅವಧಿಯಲ್ಲಿ ರೋಗಿಗಿರುವ ರಕ್ಷಣೆಯೆಂದರೆ, ತನ್ನ ಕಾಯಿಲೆ ಮತ್ತು ನಡವಳಿಕೆಗಳ ಬಗೆಗೆ ವೈದ್ಯರು ಕೇಳುವ ಪ್ರಶ್ನೆಗಳಿಗೆ ದಾನಿ ಕೊಡುವ ಪ್ರಾಮಾಣಿಕ ಉತ್ತರ. ಹಣಕ್ಕಾಗಿ ಬಂದವನು ನಿಜ ನುಡಿದರೆ ಆ ದಿನದ ಸಂಪಾದನೆ ತಪ್ಪೀತು. ಉಪಕಾರಕ್ಕಾಗಿ ಬಂದವನಿಗೆ ಮರೆಮಾಚುವ ಕಾರಣವೇ ಇಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, 1998ರ ಜನವರಿ 1ರಿಂದ ಭಾರತದಲ್ಲಿ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧವಾಯಿತು.

ಇದರಿಂದ ನಾವು ತಿಳಿಯಬೇಕಾದುದೇನು? ಕೀರ್ತಿಗಾಗಿ ಕೊಟ್ಟವನನ್ನು ಕಡಿಮೆ ಹೊಗಳೋಣ. ಅವನ ಕೊಡುಗೆಯನ್ನು ಹಳಿಯುವುದು ಬೇಡ. ಭಾವಚಿತ್ರಕ್ಕಾಗಿ ರಕ್ತ ಕೊಡುವವನೂ ಸತ್ಯವನ್ನೇ ನುಡಿದರೆ, ಅದರಿಂದ ಉಳಿಯುವ ಜೀವಕ್ಕೆ ಯಾವ ಕೊರತೆಯೂ ಆಗದು. ಸುಳ್ಳನ್ನು ಲಾಭದಾಯಕವನ್ನಾಗಿ ಮಾಡುವ ಉದ್ದೇಶದ ಮಾತು ಬೇರೆ. ಅದು ದಾನಿಯ ಮನಸ್ಸಿನೊಳಗೇ ನಿಲ್ಲದೆ, ರಕ್ತದೊಡನೆ ಹರಿದು, ಏನೂ ಅರಿಯದ ರೋಗಿಯ ನಾಳವನ್ನು ಸೇರಬಲ್ಲುದು.