ತೊಟ್ಟಿಲು ನಿಂತ ನಕ್ಷತ್ರಲೋಕಗಳು

ನಮ್ಮ ಪೂರ್ವಿಕರು ತಾರೆಗಳಿಗೆ ಹೆಸರಿಡುವಾಗ ಬಣ್ಣವನ್ನು ಕಾಣದೆ ಇರಲಿಲ್ಲ. ರೋಹಿಣಿ ಎಂದರೆ ಕೆಂಪಿನವಳು. ಚೈತ್ರದ ಇರುಳಿನ ಮೊದಲ ಜಾವದಲ್ಲಿ ಅವಳು ಪಡುವಣಕ್ಕೆ ಇಳಿಯುತ್ತಿರುವಾಗಲೇ ಮೂಡಣದಲ್ಲಿ ಚಿತ್ತೆ ನೀಲಿ ಬೆರೆತ ಬಿಳುಪಿನಿಂದ ಮೇಲೇರುತ್ತಾಳೆ. ಈ ವರ್ಣಭೇದ ಬರಿಯ ಅಲಂಕಾರವಲ್ಲ. ಚಿತ್ತೆಯಂತಹ ನೀಲಿಯ ಮಹಾತಾರೆ ತನ್ನ ಇಂಧನವನ್ನು ದುಂದುಮಾಡಿ ಒಂದೆರಡು ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಮಿತವ್ಯಯಿಯಾದ ಸೂರ್ಯನಾದರೋ ಸುಮಾರು ಸಾವಿರ ಕೋಟಿ ವರ್ಷ ಬಾಳಿ, ಮುಪ್ಪಿನಲ್ಲಿ ರೋಹಿಣಿಯ ಹಾಗೆ ಕೆಂಪಗೆ ಉಬ್ಬುವವನು. ಆದುದರಿಂದ ಎಲ್ಲಿ ನೀಲಿ ಕಾಣುವುದೋ ಅಲ್ಲಿ ಈಚೆಗಷ್ಟೇ ಹೆರಿಗೆಯಾಗಿದೆ ಎಂದು ತಿಳಿಯಬೇಕು.

ಸಾವಿರಾರು ಕೋಟಿ ನಕ್ಷತ್ರಗಳ ಸಂಸಾರವಾದ ಗೆಲಾಕ್ಸಿಗೂ ಇದೇ ನ್ಯಾಯ. ತೊಟ್ಟಿಲು ತೂಗುತ್ತಿರುವ ಮನೆ ನೀಲಿ. ಮುದುಕರು ಮಾತ್ರ ಉಳಿದ ಮನೆ ಕೆಂಪು. 1926ರಲ್ಲಿ ಎಡ್ವಿನ್ ಹಬಲ್ ಗೆಲಾಕ್ಸಿಗಳನ್ನು ವರ್ಗೀಕರಿಸಿದಾಗ, ನುಣುಪಾದ ದೀರ್ಘವೃತ್ತಾಕೃತಿಯವುಗಳನ್ನು ‘ಮೊದಲಿನವು’ ಎಂದೂ ಸುರುಳಿಗಳ ಕೊನೆಯ ಬಗೆಗಳನ್ನು ‘ತಡವಾದವು’ ಎಂದೂ ಕರೆದ. ಕಾಲವನ್ನು ಸೂಚಿಸುವ ಉದ್ದೇಶ ತನಗಿಲ್ಲವೆಂದು ಆತ ಎಚ್ಚರಿಸಿದ್ದರೂ ಹೆಸರು ಅಂಟಿಕೊಂಡಿತು. ಇಂದು ನಾವು ಬಲ್ಲ ಕಥೆ ಬಹುಮಟ್ಟಿಗೆ ತಿರುಗುಮುರುಗು: ನೀಲಿಯ ಸುರುಳಿಗಳೇ ಬತ್ತಿ ಕೆಂಪಾಗುತ್ತವೆ.

ಈ ಅರಿವಿಗೆ ಮೊದಲ ಬಾಗಿಲು ತೆರೆದದ್ದು ಒಂದು ಮಹಾಯುದ್ಧ ಎಂದರೆ ವಾಚಕರು ಅಚ್ಚರಿಪಟ್ಟಾರು. ಜರ್ಮನಿಯಲ್ಲಿ ಹುಟ್ಟಿದ ವಾಲ್ಟರ್ ಬಾಡೆ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿದ್ದ. ಶತ್ರುದೇಶದವನೆಂಬ ಕಾರಣಕ್ಕೆ ಅವನ ಓಡಾಟಕ್ಕೆ ಕಟ್ಟುಪಾಡುಗಳಿದ್ದವು. ಸಹೋದ್ಯೋಗಿಗಳಲ್ಲಿ ಅನೇಕರು ಯುದ್ಧಕಾರ್ಯಕ್ಕೆ ಹೊರಟುಹೋಗಿದ್ದರು. ನೂರು ಅಂಗುಲದ ದೂರದರ್ಶಕ ಅವನ ಪಾಲಿಗೆ ಒದಗಿತು. ಕೆಳಗಿನ ಲಾಸ್ ಏಂಜಲೀಸ್ ನಗರ ದೀಪಗಳನ್ನು ಮಂದಗೊಳಿಸಿ ಕುಳಿತಿತ್ತು. ಆ ಕತ್ತಲೆಯಲ್ಲಿ ಬಾಡೆ ದೇವಯಾನಿ ಗೆಲಾಕ್ಸಿಯ ಒಡಲನ್ನು ಚಿತ್ರಿಸಿದ. ನೀಲಿ ಬೆಳಕನ್ನು ಹಿಡಿಯುವ ಫಲಕಗಳಿಗೆ ಅಲ್ಲಿ ಬರಿಯ ಮಂಜು ಕಂಡಿತ್ತು. ಕೆಂಪು ಬೆಳಕಿಗೆ ಓಗೊಡುವ ಫಲಕಗಳನ್ನಿಟ್ಟಾಗ ಮಂಜು ಒಡೆದು ಒಂದೊಂದೇ ನಕ್ಷತ್ರವಾಯಿತು. ಸುರುಳಿಯ ತೋಳುಗಳಲ್ಲಿ ನೀಲಿಯ ತರುಣರು, ನಡುವೆ ಕೆಂಪಿನ ವೃದ್ಧರು. ನಕ್ಷತ್ರಗಳಲ್ಲಿ ಎರಡು ಜನಾಂಗಗಳಿವೆ ಎಂದು 1944ರಲ್ಲಿ ಅವನು ಪ್ರಕಟಿಸಿದ.

ಇನ್ನು ಗೆಲಾಕ್ಸಿಗಳ ಜನಗಣತಿ. ನ್ಯೂ ಮೆಕ್ಸಿಕೋದಿಂದ ನಡೆದ ಸ್ಲೋನ್ ಸಮೀಕ್ಷೆ ಲಕ್ಷಕ್ಕೂ ಮಿಕ್ಕಿದ ಗೆಲಾಕ್ಸಿಗಳ ಬಣ್ಣವನ್ನು ಅಳೆದಾಗ ಅವು ಎರಡು ಗುಂಪಾಗಿ ನಿಂತವು. ಮಧ್ಯದ ಹಸಿರು ಕಣಿವೆಯಲ್ಲಿ ಕೆಲವೇ ಪಯಣಿಗರು. (ವಿಶ್ವದ ಹಿಗ್ಗುವಿಕೆ ದೂರದವುಗಳನ್ನೆಲ್ಲ ಕೆಂಪಾಗಿಸುತ್ತದೆ, ಧೂಳೂ ಕೆಂಪನ್ನು ಬಳಿಯುತ್ತದೆ; ಇವೆರಡನ್ನೂ ಕಳೆದು ನಿಜವರ್ಣವನ್ನು ಪಡೆಯುವುದು ಖಗೋಳಜ್ಞರ ದೊಡ್ಡ ತಲೆನೋವು.) ದೂರ ನೋಡುವುದೆಂದರೆ ಹಿಂದೆ ನೋಡುವುದಷ್ಟೆ. 1978ರಲ್ಲಿ ಬುಚರ್ ಮತ್ತು ಓಮ್ಲರ್ ಎಂಬಿಬ್ಬರು, ನಾನೂರು ಐನೂರು ಕೋಟಿ ವರ್ಷಗಳ ಹಿಂದಿನ ಎರಡು ಗೆಲಾಕ್ಸಿಸಮೂಹಗಳನ್ನು ಪರೀಕ್ಷಿಸಿ, ಅಲ್ಲಿ ನೀಲಿಯವು ಧಾರಾಳವಾಗಿರುವುದನ್ನು ತೋರಿಸಿದರು. ನಮಗೆ ಸಮೀಪದ ಅಂತಹ ಸಮೂಹಗಳಲ್ಲಿ ಕೆಂಪಿನದೇ ದರ್ಬಾರು.

ಮುಂದಿನ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಕಳೆದ ಎಂಟುನೂರು ಕೋಟಿ ವರ್ಷಗಳಲ್ಲಿ ಕೆಂಪು ಗೆಲಾಕ್ಸಿಗಳಲ್ಲಿರುವ ನಕ್ಷತ್ರದ್ರವ್ಯ ಸುಮಾರು ಇಮ್ಮಡಿಯಾಗಿದೆ. ನೀಲಿಯವುಗಳ ಒಟ್ಟು ದ್ರವ್ಯ ಹೆಚ್ಚುಕಡಿಮೆ ಇದ್ದಂತೆಯೇ ಇದೆ. ಹೊಸ ನಕ್ಷತ್ರಗಳು ಹುಟ್ಟುವುದೆಲ್ಲ ನೀಲಿಯ ಮನೆಯಲ್ಲಿ, ಆಸ್ತಿ ಬೆಳೆಯುವುದು ಕೆಂಪಿನ ಮನೆಯಲ್ಲಿ! ನೀಲಿಯವು ಒಂದೊಂದಾಗಿ ಕಣಿವೆ ದಾಟಿ ಕೆಂಪಾಗುತ್ತಿವೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥವಿಲ್ಲ. ನಮ್ಮ ಆಕಾಶಗಂಗೆಯೂ ಈಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯವನ್ನು ಮಾತ್ರ ನಕ್ಷತ್ರವಾಗಿಸುತ್ತಿದೆ.

ತೊಟ್ಟಿಲನ್ನು ನಿಲ್ಲಿಸುವವರು ಯಾರು? ಒಂದು ಕೈವಾಡ ಕಣ್ಣಿಗೆ ಕಾಣುವಂಥದು. ಸಮೂಹದೊಳಕ್ಕೆ ಧುಮುಕುವ ಗೆಲಾಕ್ಸಿಗೆ ಅಲ್ಲಿನ ಬಿಸಿ ಅನಿಲ ಎದುರುಗಾಳಿಯಾಗಿ ಬಡಿದು, ಅದರ ತಣ್ಣನೆಯ ಅನಿಲವನ್ನು ಸೆಳೆದೊಯ್ಯುತ್ತದೆ. 2015ರಲ್ಲಿ ಭಾರತ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ—ಇದನ್ನು ರೂಪಿಸುವಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮುಂದಾಳಾಗಿತ್ತು—ಜೆಓ201 ಎಂಬ ಇಂತಹ ಗೆಲಾಕ್ಸಿಯ ಹರಿದ ಸೆರಗಿನಲ್ಲಿ ಎಳೆಯ ನಕ್ಷತ್ರಗಳ ಗೊಂಚಲುಗಳನ್ನು ಕಂಡಿತು. ಮನೆಯಿಂದ ಹೊರಬಿದ್ದ ಅನಿಲ ದಾರಿಯಲ್ಲೇ ಹಡೆಯುತ್ತಿತ್ತು! ಒಂಟಿಯಾಗಿರುವ ಬೃಹತ್ ಗೆಲಾಕ್ಸಿಗಳ ವಿಚಾರ ಬೇರೆ. ಅಲ್ಲಿ ನಡುವಿನ ಕಪ್ಪುಕುಳಿಯ ಸುತ್ತ ಹೊಮ್ಮುವ ಶಕ್ತಿ ಅನಿಲವನ್ನು ತಣಿಯಗೊಡುವುದಿಲ್ಲವೆಂದು ಹಲವರ ಮತ. ನನಗೂ ಅದು ಸರಿಯೆನಿಸುತ್ತದೆ. ಆದರೆ ವಾದ ಇನ್ನೂ ಮುಗಿದಿಲ್ಲ.

ಮುಗಿಯಗೊಡದಿರುವುದು ಜೇಮ್ಸ್ ವೆಬ್ ದೂರದರ್ಶಕ. 2023ರಲ್ಲಿ ಅದು ಜಿಎಸ್-9209 ಎಂಬ ಗೆಲಾಕ್ಸಿಯ ಬೆಳಕನ್ನು ಬಿಡಿಸಿ ತೋರಿಸಿತು. ವಿಶ್ವಕ್ಕೆ ಇಂದು ಸುಮಾರು 1,380 ಕೋಟಿ ವರ್ಷ; ಆ ಬೆಳಕು ಹೊರಟಾಗ ಕೇವಲ 125 ಕೋಟಿ. ಅಷ್ಟರಲ್ಲೇ ಅದು ಸುಮಾರು ನಾಲ್ಕು ಸಾವಿರ ಕೋಟಿ ಸೂರ್ಯರಷ್ಟು ನಕ್ಷತ್ರದ್ರವ್ಯವನ್ನು ಕೂಡಿಹಾಕಿ, ನಡುವೆ ಒಂದು ಭಾರಿ ಕಪ್ಪುಕುಳಿಯನ್ನಿಟ್ಟುಕೊಂಡು, ಹೆರುವುದನ್ನು ನಿಲ್ಲಿಸಿ ನೂರಾರು ದಶಲಕ್ಷ ವರ್ಷಗಳೇ ಕಳೆದಿದ್ದವು. ಇತರ ಗೆಲಾಕ್ಸಿಗಳ ಮನೆಗಳಲ್ಲಿ ಆಗಿನ್ನೂ ತೊಟ್ಟಿಲು ಕಟ್ಟುವ ಸಂಭ್ರಮ.