ಉದ್ಯಾನದ ಉತ್ಸವದಲ್ಲಿ ಮದ್ಯ ಮಾರಾಟ: ಗ್ರಾಮ ಪಂಚಾಯತದ ಅಧಿಕಾರ ಎಲ್ಲಿಯವರೆಗೆ?

ದೀಪಾವಳಿ ಕಳೆದು ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಕುಮಟಾ, ಹೊನ್ನಾವರ ಹಾಗೂ ಭಟ್ಕಳ ತಾಲ್ಲೂಕುಗಳ ಗ್ರಾಮ ಪಂಚಾಯತ ಕಚೇರಿಗಳಿಗೆ ಮೈದಾನ, ಉದ್ಯಾನಗಳ ಬಳಕೆಗೆ ಅನುಮತಿ ಕೋರುವ ಅರ್ಜಿಗಳು ಬರತೊಡಗುತ್ತವೆ. ವಾಲಿಬಾಲ್ ಪಂದ್ಯಾವಳಿ, ಯಕ್ಷಗಾನ, ಯುವಕ ಸಂಘದ ವಾರ್ಷಿಕೋತ್ಸವ ಮುಂತಾದ ಅರ್ಜಿಗಳು ಒಂದೇ ಸಭೆಯಲ್ಲಿ ಇತ್ಯರ್ಥವಾಗುತ್ತವೆ. ಆದರೆ ಅರ್ಜಿಯಲ್ಲಿ ‘ಆಹಾರ ಮತ್ತು ಪಾನೀಯ ಮಳಿಗೆ’ ಎಂದಷ್ಟೇ ಬರೆದಿದ್ದು, ಆ ಪಾನೀಯದಲ್ಲಿ ಬಿಯರ್ ಸಹ ಸೇರಿದೆ ಎಂಬುದು ವಿಚಾರಿಸಿದ ಮೇಲೆ ಮಾತ್ರ ತಿಳಿಯುವ ಸಂದರ್ಭವೂ ಬರಬಹುದು. ಆಗ ಸಭೆಯು ಯಾವುದನ್ನು ನಿರ್ಧರಿಸಬಲ್ಲದು, ಯಾವುದನ್ನು ನಿರ್ಧರಿಸಲಾರದು ಎಂಬುದು ಸದಸ್ಯರಿಗೆ ಸ್ಪಷ್ಟವಿರಬೇಕು.

ಮದ್ಯ ಮಾರಾಟಕ್ಕೆ ಅನುಮತಿ ನೀಡುವ ಅಧಿಕಾರ ಗ್ರಾಮ ಪಂಚಾಯತಕ್ಕೆ ಇಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965 ಹಾಗೂ ಅದರಡಿ ರಚಿತವಾದ ನಿಯಮಗಳ ಪ್ರಕಾರ ಸನ್ನದು ಕೊಡುವುದು ಅಬಕಾರಿ ಇಲಾಖೆ. ಸಮಾರಂಭಗಳಿಗೆಂದು ಇರುವುದು ಸಿ.ಎಲ್.-5 ಎಂಬ ಸಾಂದರ್ಭಿಕ ಸನ್ನದು. ಅದು ನಮೂದಿಸಿದ ಸ್ಥಳಕ್ಕೆ, ನಮೂದಿಸಿದ ದಿನಕ್ಕೆ ಮಾತ್ರ ಸೀಮಿತ. ಅಬಕಾರಿ ಆದಾಯ ರಾಜ್ಯದ ಖಜಾನೆಗೆ ಸೇರುತ್ತದೆ. ಪಂಚಾಯತಕ್ಕೆ ದೊರೆಯುವುದು ನೆಲಬಾಡಿಗೆ ಮಾತ್ರ. ‘ಪಂಚಾಯತಕ್ಕೂ ಆದಾಯವಾಗುತ್ತದೆ’ ಎಂಬ ವಾದ ಸಭೆಯಲ್ಲಿ ಕೇಳಿಬಂದರೆ ಈ ಅಂಶವನ್ನು ನೆನಪಿಡಬೇಕು.

ಉದ್ಯಾನ ಪಂಚಾಯತದ ಸ್ವತ್ತಾಗಿದ್ದಲ್ಲಿ ಅದನ್ನು ಯಾವ ಉದ್ದೇಶಕ್ಕೆ, ಯಾವ ಷರತ್ತಿನ ಮೇಲೆ ಕೊಡಬೇಕೆಂಬ ನಿರ್ಧಾರ ಪಂಚಾಯತದ್ದೇ. ಗೊಂದಲ ಹುಟ್ಟುವುದು ಇಲ್ಲಿಯೇ. ಅಧ್ಯಕ್ಷರ ಸಹಿಯುಳ್ಳ ‘ಕಾರ್ಯಕ್ರಮಕ್ಕೆ ನಮ್ಮ ಆಕ್ಷೇಪಣೆ ಇರುವುದಿಲ್ಲ’ ಎಂಬ ಎರಡು ಸಾಲಿನ ಪತ್ರವನ್ನು ಅರ್ಜಿದಾರರು ಅಬಕಾರಿ ಕಚೇರಿಗೆ ಹಾಜರುಪಡಿಸಿದರೆ, ಮದ್ಯದ ಮಳಿಗೆಗೂ ಪಂಚಾಯತದ ಒಪ್ಪಿಗೆ ಇದೆ ಎಂಬ ಅರ್ಥ ಬರುತ್ತದೆ. ಸಭೆಯಲ್ಲಿ ಚರ್ಚೆಗೇ ಬಾರದ ವಿಷಯಕ್ಕೆ ಇಡೀ ಪಂಚಾಯತ ಹೊಣೆಯಾಗುತ್ತದೆ. ಆದ್ದರಿಂದ ನಿರಾಕ್ಷೇಪಣಾ ಪತ್ರವು ಠರಾವಿನ ಆಧಾರದ ಮೇಲೆಯೇ ಹೊರಡಬೇಕು. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ಇರಬೇಕು.

ಅನೇಕ ಅರ್ಜಿಗಳು ಚರ್ಚೆಗೆ ಮುನ್ನವೇ ಅಳತೆಯ ಪಟ್ಟಿಯಲ್ಲಿ ತೀರ್ಮಾನವಾಗಬಲ್ಲವು. ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು, 1967ರ 5ನೇ ನಿಯಮವು ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ ಹಾಗೂ ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯ ಮಾರಾಟದ ಸನ್ನದನ್ನು ನಿಷೇಧಿಸುತ್ತದೆ. ಗ್ರಾಮ ಪಂಚಾಯತದ ಕಚೇರಿಯೂ ಸ್ಥಳೀಯ ಪ್ರಾಧಿಕಾರದ ಕಚೇರಿಯೇ. ಕರಾವಳಿಯ ಊರುಗಳಲ್ಲಿ ಶಾಲೆ, ದೇವಸ್ಥಾನ, ಅಂಗನವಾಡಿ, ಪಂಚಾಯತ ಕಟ್ಟಡ, ಮೈದಾನ ಇವೆಲ್ಲ ಒಂದೇ ಬಯಲಿನ ಸುತ್ತ ಇರುವುದೇ ಹೆಚ್ಚು. ಮೊಬೈಲ್ ನಕ್ಷೆಯ ನೇರ ಗೆರೆಯನ್ನು ಈ ಅಂತರವೆಂದು ಪರಿಗಣಿಸಬಾರದು; ಪಾದಚಾರಿಯು ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು.

ಇದರೊಂದಿಗೆ ಹೆದ್ದಾರಿಯ ಅಂತರವನ್ನೂ ನೋಡಬೇಕು. ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು ರಾಷ್ಟ್ರೀಯ ಹಾಗೂ ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟವನ್ನು ನಿರ್ಬಂಧಿಸಿ, 2017ರ ಮಾರ್ಚ್ 31ರ ಆದೇಶದಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. ರಾಷ್ಟ್ರೀಯ ಹೆದ್ದಾರಿ 66 ಮಿರ್ಜಾನ, ದಿವಗಿ, ಹಳದೀಪುರ, ಕರ್ಕಿ, ಶಿರಾಲಿಗಳನ್ನು ಹಾದುಹೋಗುತ್ತದೆ. ರಾತ್ರಿ ಉತ್ಸವ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಡುವವರು ಸೇರುವುದು ಇದೇ ರಸ್ತೆಯನ್ನು. ಅಂತರದ ಬಗ್ಗೆ ಅಂತಿಮ ತೀರ್ಮಾನ ಅಬಕಾರಿ ಇಲಾಖೆಯದ್ದಾದರೂ, ಸ್ಥಳ ತನಿಖೆಯ ಅಳತೆಗಳನ್ನು ಪಂಚಾಯತ ತನ್ನ ನಡಾವಳಿಯಲ್ಲಿ ದಾಖಲಿಸುವುದು ಅಗತ್ಯ.

ವಾಸ್ತವದಲ್ಲಿ ಸನ್ನದು ಪಡೆದ ಮಳಿಗೆಗಿಂತ ಹೆಚ್ಚು ತೊಂದರೆ ಕೊಡುವುದು ಪೆಂಡಾಲಿನ ಹಿಂದೆ, ಕಾರಿನ ಡಿಕ್ಕಿಯಲ್ಲಿ ನಡೆಯುವ ವ್ಯವಹಾರ. ಅಬಕಾರಿ ಕಾಯ್ದೆಯ 15-ಎ ಕಲಮಿನಡಿ ಸನ್ನದು ಇಲ್ಲದ ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ ಅಪರಾಧ. ಉದ್ಯಾನ, ಕಡಲತೀರಗಳೂ ಸಾರ್ವಜನಿಕ ಸ್ಥಳಗಳೇ. ಗೋವಾದಲ್ಲಿ ಜಾತ್ರೆ, ಫೆಸ್ತಗಳ ಬಳಿ ಮದ್ಯ ದೊರೆಯುವುದನ್ನು ಕಂಡವರು ‘ಇಲ್ಲಿ ಏಕಾಗದು?’ ಎಂದು ಕೇಳುವುದುಂಟು. ಅಲ್ಲಿಯ ಅಬಕಾರಿ ಕಾನೂನು ಬೇರೆ. ಅಲ್ಲಿಂದ ಮಾಜಾಳಿ ಗಡಿಯ ಮೂಲಕ ಅನಧಿಕೃತವಾಗಿ ತಂದ ಬಾಟಲಿಗಳು ಇಲ್ಲಿ ಜಪ್ತಿಗೆ ಅರ್ಹ. ಉತ್ಸವದ ಆಯೋಜಕರು ಅದರಿಂದ ನುಣುಚಿಕೊಳ್ಳಲಾರರು.

ಕಾನೂನಿನ ಅಂತರಗಳೆಲ್ಲ ಸರಿಹೊಂದಿದ ಮೇಲೆಯೂ ಪಂಚಾಯತ ಒಪ್ಪಲೇಬೇಕೆಂದಿಲ್ಲ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನಾಡು ಹಾಡುಗಾರ್ತಿಯೆಂದು ಬಲ್ಲದು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ತಮ್ಮ ಊರಿನ ಹೆಂಗಸರನ್ನು ಕೂಡಿಸಿಕೊಂಡು ಅವರು ಮದ್ಯದ ವಿರುದ್ಧ ಹೋರಾಡಿದ್ದು ಈ ಜಿಲ್ಲೆಯ ನೆನಪಿನಲ್ಲಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಆದರೆ ಮನೆಗಳ ಸಂಕಟ ಅದರೊಂದಿಗೆ ಮುಗಿಯಲಿಲ್ಲ. ಮದ್ಯದ ಮಳಿಗೆ ಇರುವ ಸಂಜೆ ಉದ್ಯಾನಕ್ಕೆ ಯಾರು ಬರುವುದಿಲ್ಲ ಎಂಬುದನ್ನು ಸದಸ್ಯರು ಯೋಚಿಸಬೇಕು. ಮಕ್ಕಳೊಂದಿಗೆ ಬರುವ ತಾಯಂದಿರು, ವೃದ್ಧರು, ಸ್ವಸಹಾಯ ಸಂಘದ ಮಹಿಳೆಯರು ಹಿಂದೆ ಸರಿದರೆ ಅದನ್ನು ಸಮುದಾಯದ ಹಬ್ಬ ಎನ್ನುವುದು ಕಷ್ಟ. ಮದ್ಯ ಸಹಿತವಾದ ಕೂಟ ಬೇಕೆನ್ನುವವರಿಗೆ ಸನ್ನದು ಪಡೆದ ಹೋಟೆಲುಗಳಿವೆ. ಊರಿಗೆ ಉದ್ಯಾನ ಇರುವುದು ಒಂದೇ. ಈ ಕಾರಣಕ್ಕೆ ಮದ್ಯದ ಭಾಗವನ್ನು ನಿರಾಕರಿಸಿ ಉಳಿದ ಉತ್ಸವಕ್ಕೆ ಮುಕ್ತವಾಗಿ ಸಹಕರಿಸುವುದೇ ಹೆಚ್ಚಿನ ಸಂದರ್ಭಗಳಲ್ಲಿ ಸೂಕ್ತ.

ನಿರಾಕರಣೆಗೆ ಕಾರಣಗಳಿರಬೇಕು. ‘ಸಭೆಗೆ ಇಷ್ಟವಿಲ್ಲ’ ಎಂಬ ಠರಾವು ಮೇಲ್ಮಟ್ಟದ ಪ್ರಶ್ನೆಗೆ ನಿಲ್ಲದು. ಅಳೆದ ದೂರ, ಸಮೀಪದ ಶಾಲೆ ಅಥವಾ ದೇವಸ್ಥಾನದ ಹೆಸರು, ಗ್ರಾಮಸಭೆಯಲ್ಲಿ ವ್ಯಕ್ತವಾದ ಅಭಿಪ್ರಾಯದ ದಿನಾಂಕ ಇವನ್ನು ನಮೂದಿಸಬೇಕು. ಅರ್ಜಿದಾರರ ಸಂಬಂಧಿಯಾದ ಸದಸ್ಯರು ಚರ್ಚೆಯಿಂದ ದೂರವಿರುವುದು ಉಚಿತ. ಉತ್ಸವಕ್ಕೆ ಅನುಮತಿ ನೀಡುವಾಗ ಮದ್ಯ ಮಾರುವುದಿಲ್ಲ, ಸೇವನೆಗೆ ಅವಕಾಶ ಕೊಡುವುದಿಲ್ಲ, ರಾತ್ರಿ 10 ಗಂಟೆಯ ನಂತರ ಧ್ವನಿವರ್ಧಕ ಬಳಸುವುದಿಲ್ಲ ಎಂದು ಆಯೋಜಕರಿಂದ ಮುಚ್ಚಳಿಕೆ ಬರೆಯಿಸಿಕೊಂಡು, ಸ್ವಚ್ಛತೆಗಾಗಿ ಠೇವಣಿ ಪಡೆಯಬೇಕು. ಅರ್ಜಿದಾರರಿಗೆ ಲಿಖಿತ ಹಿಂಬರಹ ನೀಡಿ, ಠರಾವಿನ ಪ್ರತಿಯನ್ನು ಉತ್ಸವಕ್ಕೆ ಸಾಕಷ್ಟು ಮುಂಚಿತವಾಗಿ ಅಬಕಾರಿ ವಲಯ ಕಚೇರಿಗೂ ಪೊಲೀಸ್ ಠಾಣೆಗೂ ತಲುಪಿಸಿ ಸ್ವೀಕೃತಿ ಪಡೆದು ಕಡತದಲ್ಲಿ ಇರಿಸಬೇಕು.