ಉದುರಿದ ಎಲೆ, ಪುಟ್ಟ ಬೆರಳು

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಅಕ್ಟೋಬರ್ ಬಂತೆಂದರೆ ಮಗಳ ಶಾಲೆಯಲ್ಲಿ ದಿನವೂ ಎಲೆ, ಬಣ್ಣದ ಆಟ. ಇದರಿಂದ ಬೆರಳು ಪಳಗುತ್ತದೆಯಂತೆ, ನಿಜವೇ?

ಉತ್ತರ: ನಿಜ. ಆದರೆ ಬಣ್ಣಕ್ಕಿಂತ ಹಿಡಿತ ಮುಖ್ಯ. 2-3 ವರ್ಷದ ಮಕ್ಕಳು ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನೇ ಬೀಸುತ್ತಾರೆ. ಹುಟ್ಟುವಾಗ ಮಣಿಕಟ್ಟಿನ 8 ಮೂಳೆಗಳೂ ಬರೀ ಮೃದ್ವಸ್ಥಿ. ಅವು ಗಟ್ಟಿಯಾಗಲು ವರ್ಷಗಳೇ ಬೇಕು. ಹಾಗಾಗಿ ಅವಸರ ಬೇಡ.

ಕಿವಿಗೆ ಬಳಸುವ ಹತ್ತಿಕಡ್ಡಿ ಕೊಟ್ಟು ನೋಡಿ. ಅಷ್ಟು ಸಣ್ಣದನ್ನು ಮುಷ್ಟಿಯಲ್ಲಿ ಹಿಡಿದರೆ ಕೆಲಸ ಸಾಗದು. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿಯೇ ಕೂಡಿಕೊಳ್ಳುತ್ತವೆ. ನೀವು ಬೋಳು ಮರ ಬರೆದುಕೊಡಿ, ಕೆಂಪು, ಹಳದಿ ಚುಕ್ಕಿಯ ಎಲೆಗಳನ್ನು ಅವಳು ತುಂಬಲಿ.

ನನಗೆ ಹೆಚ್ಚು ಇಷ್ಟ ಮೇಪಲ್ ಎಲೆಯ ಅಚ್ಚು. ನರ ಉಬ್ಬಿರುವ ಹಿಂಬದಿಗೆ ಬಣ್ಣ ಬಳಿದು, ಕಾಗದದ ಮೇಲೆ ಒತ್ತಿ, ತೊಟ್ಟನ್ನು ಚಿಮುಟಿಯಂತೆ ಹಿಡಿದು ಮೆಲ್ಲಗೆ ಎತ್ತಬೇಕು. ಗರಿಗರಿಯಾಗಿ ಒಣಗಿದ್ದು ಪುಡಿಯಾಗುತ್ತದೆ. ಆಗತಾನೇ ಉದುರಿದ್ದೇ ಬೇಕು. ಕಾಗದವನ್ನು ಗೋಡೆಗೆ ಅಂಟಿಸಿದರೆ ಮಣಿಕಟ್ಟಿಗೂ ಭುಜಕ್ಕೂ ಕೆಲಸ. ಬಾಡಿಗೆ ಮನೆಯಾದರೆ ಹಿಂದೆ ಹಳೇ ಪೇಪರ್ ಅಂಟಿಸಲು ಮರೆಯಬೇಡಿ!

5 ವರ್ಷ ದಾಟಿದ ಮೇಲೂ ಬ್ರಷ್ ಮುಷ್ಟಿಯಲ್ಲೇ ಉಳಿದರೆ ಮಾತ್ರ ಮಕ್ಕಳ ವೈದ್ಯರನ್ನು ಒಮ್ಮೆ ಕೇಳಿ.